ಹಿಂದಿನ ಸೀಟಿನ ಮೊಟ್ಟೆಗಳು ಮತ್ತು ಒಬ್ಬ ಫೇರೋ

ಅಮೆರಿಕದ ನಮ್ಮ ಆಶ್‌ಬರ್ನಿನ ಯಾವುದಾದರೂ ಸಿಗ್ನಲ್ಲಿನಲ್ಲಿ, ಪಕ್ಕದ ಕಾರಿನ ಹಿಂದಿನ ಸೀಟಿನಲ್ಲಿ ಮೊಟ್ಟೆಯ ಟ್ರೇ ಒಂದು ಸೀಟ್ ಬೆಲ್ಟ್ ಕಟ್ಟಿಕೊಂಡು ಗಂಭೀರವಾಗಿ ಕೂತಿರುವುದನ್ನು ನೀವೇನಾದರೂ ಕಂಡಿದ್ದರೆ, ಅದು ನಮ್ಮದೇ ಕಾರು. ನಕ್ಕಿದ್ದರೆ ಬೇಸರವಿಲ್ಲ, ಮೊದಮೊದಲು ನಾನೂ ನಕ್ಕವಳೇ. ಅಷ್ಟು ದೊಡ್ಡ ಡಿಕ್ಕಿ ಇರುವಾಗ ಮೊಟ್ಟೆಗೇಕೆ ಈ ರಾಜಮರ್ಯಾದೆ ಎಂದು ಕೇಳುವಿರಾದರೆ, ಡಿಕ್ಕಿಯಲ್ಲಿ ಮೂವತ್ಮೂರು ಕೋಟಿಯಲ್ಲದಿದ್ದರೂ ಒಂದು ರಟ್ಟಿನ ಪೆಟ್ಟಿಗೆಯ ತುಂಬ ದೇವತೆಗಳಿದ್ದರು. ದೇವರ ಮಗ್ಗುಲಲ್ಲಿ ಮೊಟ್ಟೆ ಇಡುವುದುಂಟೆ? ಇನ್ನು ದೇವರು ಡಿಕ್ಕಿಗೆ ಬಂದದ್ದು ಹೇಗೆಂದರೆ, ಅದಕ್ಕೆ ಕಾರಣ ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟನ್ನು ಆಳಿದ ಒಬ್ಬ ಫೇರೋ, ಮತ್ತು ಅವನ ಬಗ್ಗೆ ಬರೆದ ನಾನು.

ಕೋವಿಡ್ ಬಂದು ಎಲ್ಲರೂ ಬಾಗಿಲು ಹಾಕಿಕೊಂಡು ಕೂತ ದಿನಗಳಲ್ಲಿ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೀಳು ಹತ್ತಿತು. ಎಡಗಡೆಯ ಮನೆಯವರು ಬ್ರೆಡ್ಡು ಬೇಯಿಸಿದರು, ಬಲಗಡೆಯವರು ಗಿಟಾರು ಹಿಡಿದು ನಡುಗೋಡೆಯ ತಾಳ್ಮೆ ಪರೀಕ್ಷಿಸಿದರು, ನಾನು ಫೇರೋಗಳ ಬೆನ್ನು ಹತ್ತಿದೆ. ಹಗಲೆಲ್ಲ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನೌಕರಿ ನನ್ನದು. ಸಂಜೆಯಾದರೂ ನನ್ನ ತಪ್ಪನ್ನು ಯಾರೂ ಹುಡುಕಲಾಗದಷ್ಟು ಹಳೆಯದೇನನ್ನಾದರೂ ಬರೆಯೋಣವೆಂಬ ಆಸೆ. ಧಾರವಾಡದಲ್ಲಿ ಇತಿಹಾಸ ಓದಿದವಳೆಂಬ ಹಮ್ಮು ಬೇರೆ ಇತ್ತು. ಹೀಗೆ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ವರ್ಷಕ್ಕೊಂದು ಲೇಖನದಂತೆ ನಾನು ಜನಪ್ರಿಯ ಇತಿಹಾಸಕಾರ್ತಿಯಾದೆ. ಜನಪ್ರಿಯ ಎಂಬುದು ಬರವಣಿಗೆಯ ಜಾತಿಯ ಹೆಸರೇ ಹೊರತು ಓದಿದವರ ತೀರ್ಪಲ್ಲ.

ಈ ಬಗೆಯ ಇತಿಹಾಸ ಬರೆಯುವುದೆಂದರೆ ಒಗ್ಗರಣೆ ಹಾಕುವ ಕೆಲಸ. ಬೇಳೆ ಬೇಯಿಸಿದವರು ಬೇರೆ, ಮರಳಿನಲ್ಲಿ ಬೆನ್ನು ಬಗ್ಗಿಸಿ ಅಗೆದ ವಿದ್ವಾಂಸರು. ನಾವು ಕೊನೆಗೆ ಬಂದು ಚುಂಯ್ ಎನ್ನಿಸಿ, ಘಮವೆಲ್ಲ ನಮ್ಮದೇ ಎಂಬಂತೆ ಬೀಗುತ್ತೇವೆ. ಈ ಒಗ್ಗರಣೆಯಲ್ಲಿ ಸಾಸಿವೆ ಎಂದರೆ ‘ಜಗತ್ತಿನ ಮೊಟ್ಟಮೊದಲ’ ಎನ್ನುವ ಮಾತು, ಇಂಗು ಎಂದರೆ ‘ಬಹುಶಃ’. ಮೊದಲನೆಯದನ್ನು ಧಾರಾಳವಾಗಿಯೂ ಎರಡನೆಯದನ್ನು ಚಿಟಿಕೆಯಷ್ಟೂ ಹಾಕಿದರೆ ಓದುಗರು ಚಪ್ಪರಿಸುತ್ತಾರೆ. ಅಳತೆ ತಪ್ಪಿ ‘ಬಹುಶಃ’ ಹೆಚ್ಚಾಯಿತೋ, ಪುಟ ತಿರುವಿ ಹೋಳಿಗೆಯ ಹೊಸ ವಿಧಾನದತ್ತ ಹೋಗುತ್ತಾರೆ.

ಹೋದ ಬೇಸಿಗೆಯಲ್ಲಿ ನಾನು ಆರಿಸಿಕೊಂಡದ್ದು ಅಖೆನಾತೆನ್ ಎಂಬ ದೊರೆಯನ್ನು, ನಮ್ಮಂಥವರಿಗೆಂದೇ ಹೇಳಿ ಮಾಡಿಸಿದ ಫೇರೋ. ಪಟ್ಟಕ್ಕೆ ಬರುವಾಗ ಅವನ ಹೆಸರು ಅಮೆನ್‌ಹೋತೆಪ್. ಅದರೊಳಗೆ ಆ ಕಾಲದ ದೊಡ್ಡ ದೇವರು ಆಮುನ್ ಕೂತಿದ್ದ. ಅರಸು ಆ ಹೆಸರನ್ನು ಕಳಚಿಟ್ಟು, ಆತೆನ್ ಎಂಬ ಸೂರ್ಯಬಿಂಬದ ಹೆಸರನ್ನು ತೊಟ್ಟುಕೊಂಡ. ಹಳೆಯ ಗುಡಿಗಳು ಬಾಗಿಲು ಹಾಕಿದವು, ಆಮುನ್‌ನ ಹೆಸರನ್ನು ಕಲ್ಲುಗಳಿಂದ ಉಳಿ ಹಿಡಿದು ಕಿತ್ತರು, ತನ್ನ ಅಪ್ಪನ ಹೆಸರಿನಲ್ಲಿದ್ದ ಆಮುನ್‌ನನ್ನು ಕೂಡ ಪುಣ್ಯಾತ್ಮ ಬಿಡಲಿಲ್ಲ, ಮತ್ತು ಹಳೆಯ ದೇವರ ನೆರಳೂ ಬೀಳದ ಬಯಲಿನಲ್ಲಿ ಹೊಸ ರಾಜಧಾನಿಯೊಂದು ಎದ್ದಿತು. ನಾನು ಮೈಮೇಲೆ ಬಂದವಳಂತೆ ಬರೆದೆ. ‘ಅನೇಕದ ಗದ್ದಲದಿಂದ ಏಕದ ಬೆಳಕಿಗೆ ನಡೆದ ಜಗತ್ತಿನ ಮೊಟ್ಟಮೊದಲ ಮನುಷ್ಯ’ ಎಂಬ ಸಾಲು ಬಂದಾಗಂತೂ ನಾನೇ ಗಟ್ಟಿಯಾಗಿ ಓದಿಕೊಂಡು ಇನ್ನೊಂದು ಲೋಟ ಚಹಾ ಕುಡಿದೆ.

ಅದನ್ನು ನಮ್ಮವರಿಗೆ ಓದಲು ಕೊಟ್ಟದ್ದೇ ಎಡವಟ್ಟಾಯಿತು. ನಮ್ಮವರು, ಎಂದರೆ ಶ್ರೀಧರ, ಬೆಂಗಳೂರಿನವರು. ಇಲ್ಲಿಯ ಕಿಟಕಿಯಿಲ್ಲದ ಡೇಟಾ ಸೆಂಟರ್‌ಗಳಲ್ಲೊಂದರಲ್ಲಿ ಕೆಲಸ. ನನ್ನ ಲೇಖನವನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು. ಓದಿ ಮುಗಿಸಿ ಎದ್ದವರು ನೆಟ್ಟಗೆ ಹೋಗಿ ದೇವರ ಕೋಣೆಯ ಮುಂದೆ ನಿಂತರು. ಕೋಣೆ ಎಂದೆನೇ? ಅದು ಮುಂಬಾಗಿಲ ಪಕ್ಕದ ಕೋಟಿನ ಕಪಾಟು. ಕೋಟುಗಳನ್ನು ಹೊರಹಾಕಿ ದೇವರನ್ನು ಕೂರಿಸಿದ್ದೆವು. ಬರಬರುತ್ತಾ ದೇವರೇ ಹೊರಗೆ ಬರುವಷ್ಟು ಒತ್ತಾಗಿತ್ತು. ಏಕೆಂದರೆ ವೀಸಾ ಮುಗಿದು ಊರಿಗೆ ಹೊರಟ ಸ್ನೇಹಿತರೆಲ್ಲ ಸೋಫಾ ಮಾರಿ, ಕರಿಬೇವಿನ ಗಿಡವನ್ನು ಯಾರಿಗಾದರೂ ದಾಟಿಸಿ, ದೇವರ ಪಟಗಳನ್ನು ಮಾತ್ರ ನಮ್ಮ ಮನೆಗೇ ತಂದುಕೊಡುತ್ತಿದ್ದರು. ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಒಂದೇ ವೆಂಕಟರಮಣ ನಾಲ್ಕು ಚೌಕಟ್ಟುಗಳಲ್ಲಿ ನಿಂತು ತನ್ನನ್ನು ತಾನೇ ನೋಡುತ್ತಿದ್ದ.

“ನಮ್ ಆಫೀಸಲ್ಲಿ ಹತ್ತು ಸರ್ವರ್ ಮಾಡ್ತಿದ್ದ ಕೆಲಸಾನ ಈಗ ಒಂದೇ ಸರ್ವರ್ ಮಾಡುತ್ತೆ. ಇಲ್ಲೂ ಕನ್ಸಾಲಿಡೇಟ್ ಮಾಡೋಣ. ಒಂದು ದೀಪ ಇಟ್ರೆ ಸಾಕಲ್ವಾ? ನೀನೇ ಬರ್ದಿದ್ಯಲ್ಲ!” ಎಂದರು. ತನ್ನ ಬರಹವನ್ನು ಒಬ್ಬ ಓದುಗ ಇಷ್ಟು ಮನಸ್ಸಿಗೆ ಹಚ್ಚಿಕೊಂಡಾಗ ಯಾವ ಲೇಖಕಿ ತಾನೇ ಬೇಡ ಎಂದಾಳು! ಆ ಶನಿವಾರ ಒಂದೊಂದೇ ಪಟ, ಒಂದೊಂದೇ ಮೂರ್ತಿ ಹಳೆಯ ಟೀ ಶರ್ಟುಗಳಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆಗೆ ಇಳಿಯಿತು. ಕೊನೆಗೆ ಉಳಿದದ್ದು ಹೆಬ್ಬೆರಳಿನಷ್ಟು ಎತ್ತರದ ಬೆಳ್ಳಿಯ ಅನ್ನಪೂರ್ಣೆ, ಕೈಯಲ್ಲಿ ಸವೆದ ಸೌಟು. ನಮ್ಮ ಕಡೆ ಮದುವೆಯಲ್ಲಿ ತವರಿನವರು ಮಗಳ ಕೈಗೆ ಕೊಟ್ಟು ಕಳಿಸುವ ದೇವಿ ಇವಳು. ಬಟ್ಟಲಲ್ಲಿ ಅಕ್ಕಿ ಹಾಕಿ ಅದರ ಮೇಲೆಯೇ ಕೂರಿಸಬೇಕು, ಅವಳು ಅಕ್ಕಿ ಬಿಟ್ಟಿರಬಾರದು ಎಂದು ಅಮ್ಮ ನನಗಿಂತ ಹೆಚ್ಚಾಗಿ ಅಳಿಯನಿಗೆ ಹೇಳಿ ಕಳಿಸಿದ್ದಳು. ಕೋವಿಡ್ ದಿನಗಳಲ್ಲಿ ಅಮ್ಮ ತೀರಿಹೋದಾಗ ವಿಮಾನಗಳಿರಲಿಲ್ಲ. ಫೋನಿನ ಪರದೆಯಲ್ಲೇ ಕಳಿಸಿಕೊಟ್ಟೆ. ಅವಳ ಕೈ ಮುಟ್ಟಿದ್ದೆಂದು ನನ್ನ ಹತ್ತಿರ ಉಳಿದದ್ದು ಇದೊಂದೇ.

ನಮ್ಮವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು. ನಾನು ಬೇಡವೆನ್ನಬಹುದಿತ್ತು. ಆದರೆ ಏಕದ ಬೆಳಕು ಎಂದು ಬರೆದವಳು ತನ್ನ ಒಂದನ್ನು ಮಾತ್ರ ಬದಿಗಿಟ್ಟುಕೊಂಡರೆ ಹೇಗೆ? “ಇಡ್ರೀ, ಎಲ್ಲಾ ಅಂದ್ರ ಎಲ್ಲಾ,” ಎಂದು ಫೇರೋನ ಠೀವಿಯಲ್ಲಿ ಹೇಳಿ, ಸಾರಿಗೆ ನೀರು ಕುದಿಯಿತೇನೋ ನೋಡಲು ಒಳಗೆ ಹೋದೆ. ಕುದಿಯುವುದಿರಲಿ, ನೀರೇ ಇಟ್ಟಿರಲಿಲ್ಲ.

ಊರಿನಲ್ಲಾದರೆ ಹಳೆಯ ಪಟಗಳನ್ನು ಅರಳಿಕಟ್ಟೆಗೆ ಒರಗಿಸಿಟ್ಟು ಹಿಂತಿರುಗಿ ನೋಡದೆ ಬಂದುಬಿಡಬಹುದು. ಇಲ್ಲಿ ಅರಳಿಮರವಿಲ್ಲ, ಮೇಪಲ್ ಮರದ ಬುಡದಲ್ಲಿಟ್ಟರೆ ಕಾಲೊನಿಯ ಸಂಘದಿಂದ ನೋಟೀಸು ಬರುತ್ತದೆ. ಕಸದ ಡಬ್ಬಿಗೆ ಹಾಕುವ ಮಾತೇ ಇಲ್ಲ. ಶ್ಯಾಂಟಿಲಿ ಕಡೆಯ ಒಂದು ದೇವಸ್ಥಾನಕ್ಕೆ ಒಯ್ದೆವು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತಿದ್ದ ಸ್ವಯಂಸೇವಕಿ ಆಂಟಿ ಪೆಟ್ಟಿಗೆಯ ಆಕಾರ ನೋಡಿಯೇ ಗುರುತು ಹಿಡಿದರು. “ಸಾರಿ ಅಮ್ಮಾ, ದೇವ್ರನ್ನ ಇಲ್ಲಿ ಡ್ರಾಪ್ ಮಾಡೋ ಹಾಗಿಲ್ಲ. ಎಲ್ರೂ ಹೀಗೇ ತಂದ್ರೆ ನಾವೆಲ್ಲಿ ಇಟ್ಕೊಳ್ಳೋಣ ಹೇಳಿ?” ದೇವರನ್ನು ದೇವಸ್ಥಾನದಿಂದ ವಾಪಸು ಕಳಿಸಿದ್ದನ್ನು ನಾನು ಕಂಡದ್ದು ಅಂದೇ. ಮನೆಯೊಳಗೆ ಮತ್ತೆ ತಂದರೆ ಸುಧಾರಣೆ ಕೆಟ್ಟಂತೆ. ಹೀಗಾಗಿ ದೇವತೆಗಳ ವನವಾಸ ನಮ್ಮ ಡಿಕ್ಕಿಯಲ್ಲೇ ನಡೆಯಿತು.

ಆಮೇಲಿನದು ನಮ್ಮವರು ಎಣಿಸಿರದ ಅಧ್ಯಾಯ. ಕಪಾಟಿನಲ್ಲಿದ್ದಾಗ ಬೆಳಗ್ಗೆ ಒಂದು ಹೂವು, ಒಂದು ಊದುಬತ್ತಿಗೆ ತೃಪ್ತರಾಗಿದ್ದ ದೇವರು ಡಿಕ್ಕಿಗೆ ಬಂದ ಮೇಲೆ ಇಡೀ ಕಾರನ್ನೇ ಆಳತೊಡಗಿದರು. ಮೊದಲು ಮೊಟ್ಟೆ ಹಿಂದಿನ ಸೀಟಿಗೆ ಬಂತು. “ಅಪ್ಪಾ, ಎಗ್ಸ್‌ಗೆ ಯಾಕೆ ಸೀಟ್ ಬೆಲ್ಟ್? ದಿಸ್ ಈಸ್ ಸೋ ವಿಯರ್ಡ್,” ಎಂದು ಮಗಳು ಅನಘಾ ಕೇಳಿದರೆ, “ಬ್ರೇಕ್ ಹಾಕಿದ್ರೆ ಬೀಳುತ್ತೆ ಪುಟ್ಟಾ,” ಎಂದು ಅರ್ಧ ಸತ್ಯ ಹೇಳಿದರು. ಆಮೇಲೆ ಅವಳ ಸಾಕರ್ ಬೂಟುಗಳು ಅವಳ ಮಡಿಲಿಗೆ ಬಂದವು. ಚಿಕನ್ ಬಿರಿಯಾನಿ ಪಾರ್ಸೆಲ್ ತರುವುದು ನಿಂತೇಹೋಯಿತು. ಹೊಂಡ ಬಂದರೆ ಕಾರು ಬಸುರಿಯನ್ನು ಕೂರಿಸಿಕೊಂಡಂತೆ ಮೆಲ್ಲಗೆ ಇಳಿಯುತ್ತಿತ್ತು. ಒಂದು ದಿನ ನೋಡಿದರೆ, ಸ್ಟೀರಿಂಗ್ ಹಿಡಿಯುವ ಮುಂಚೆ ನಮ್ಮವರು ಹಿಂದಕ್ಕೆ ತಿರುಗಿ ಕಣ್ಣು ಮುಚ್ಚಿ ತೆರೆದರು. ಹಿಂದೆ ಗಾಡಿ ಇದೆಯೇ ನೋಡಿದ್ದಂತೆ!

ಇತ್ತ ನನ್ನ ಲೇಖನ ಕೊನೆಯ ಪುಟಕ್ಕೆ ಬಂದು ಕಚ್ಚಿಕೊಂಡಿತು. ಫೇರೋ ಸತ್ತ ಮೇಲಿನ ಕತೆ ನಿಮಗೂ ಗೊತ್ತಿರಬಹುದು: ಕೆಲವೇ ಕಾಲದಲ್ಲಿ ಹಳೆಯ ದೇವರುಗಳು ಮರಳಿದರು, ತುತಾಂಖಾತೆನ್ ಎಂಬ ಎಳೆಯ ಅರಸು ತುತಾಂಖಾಮುನ್ ಆದ, ಹೊಸ ರಾಜಧಾನಿ ಪಾಳುಬಿತ್ತು, ಅಖೆನಾತೆನ್‌ನ ಹೆಸರನ್ನೂ ಉಳಿ ಹಿಡಿದು ಕಿತ್ತರು. ಆದರೆ ನನ್ನನ್ನು ತಡೆದದ್ದು ಇದಲ್ಲ. ಅಗೆತದವರಿಗೆ ಆ ರಾಜಧಾನಿಯಲ್ಲೇ, ದೊರೆ ಇನ್ನೂ ಆಳುತ್ತಿದ್ದ ಕಾಲದ ಕೆಲಸಗಾರರ ಮನೆಗಳಲ್ಲೇ, ಬೆಸ್ ಮತ್ತು ತಾವೆರೆತ್‌ರ ಚಿತ್ರಗಳೂ ಪುಟ್ಟ ತಾಯಿತಗಳೂ ಸಿಕ್ಕಿವೆ. ಬೆಸ್ ಎಂದರೆ ನಾಲಿಗೆ ಚಾಚಿದ ಕುಳ್ಳ ದೇವರು, ಮಲಗಿದ ಮಕ್ಕಳನ್ನು ಕಾಯುವವನು. ತಾವೆರೆತ್ ಬಸುರಿ ಬಾಣಂತಿಯರನ್ನು ಕಾಯುವ, ನೀರಾನೆ ರೂಪದ, ದೊಡ್ಡ ಹೊಟ್ಟೆಯ ದೇವಿ. ದೊರೆಯ ಮೂಗಿನಡಿಯಲ್ಲೇ ಇವರು ಉಳಿದದ್ದು ಹೇಗೆ? ‘ಪಾಮರರು ಬೆಳಕನ್ನು ಅರಿಯಲಿಲ್ಲ’ ಎಂದು ಮೊದಲು ಬರೆದಿದ್ದೆ. ಆ ಸಾಲು ನನ್ನನ್ನೇ ಚುಚ್ಚತೊಡಗಿತು. ಕಪಾಟಿನ ಮುಂದೆ ಹಾದುಹೋಗುವಾಗೆಲ್ಲ ಆ ಒಂಟಿ ದೀಪದ ಪಕ್ಕ ಹೆಬ್ಬೆರಳಿನಷ್ಟು ಜಾಗ ಖಾಲಿ ಕಾಣುತ್ತಿತ್ತು. ನನಗೆ ಅನ್ನಪೂರ್ಣೆ ಬೇಕಾಗಿದ್ದಳು, ಆದರೆ ಬೇಕು ಎನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಶಾರ್ಲಟ್‌ನಲ್ಲಿರುವ ನಮ್ಮವರ ಗೆಳೆಯರೊಬ್ಬರು, ತಮ್ಮಲ್ಲಿ ಮಕ್ಕಳ ಭಜನೆ ತರಗತಿಗೆ ಹೊಸ ಕೋಣೆ ಸಿಕ್ಕಿದೆ, ಪಟ, ಮೂರ್ತಿ ಎಷ್ಟಿದ್ದರೂ ತನ್ನಿ ಎಂದರು. ಶನಿವಾರ ಹೊರಡುವುದೆಂದಾಯಿತು. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮವರು ಆಫೀಸಿಗೆ ಮೆಟ್ರೋದಲ್ಲಿ ಹೋಗಿದ್ದರು, ಕಾರು ಮನೆಯ ಗ್ಯಾರೇಜಿನಲ್ಲೇ ಇತ್ತು. ಸುಧಾರಣೆಯ ಮಾನ ಹೋದರೆ ಹೋಗಲಿ ಎಂದುಕೊಂಡು ಚಪ್ಪಲಿ ಬಿಟ್ಟು ಹೋಗಿ ಡಿಕ್ಕಿ ತೆರೆದೆ. ಒಂದೊಂದೇ ಟೀ ಶರ್ಟ್ ಬಿಚ್ಚಿದೆ. ನಾಲ್ಕೂ ವೆಂಕಟರಮಣರು ಸಿಕ್ಕರು, ಹಿತ್ತಾಳೆಯ ಕೃಷ್ಣ ಸಿಕ್ಕ, ಯಾರದೋ ಮನೆಯ ಸಾಯಿಬಾಬಾ ಸಿಕ್ಕರು. ಅನ್ನಪೂರ್ಣೆ ಇರಲಿಲ್ಲ. ಪೆಟ್ಟಿಗೆ ಮಗುಚಿದೆ, ಸೀಟಿನ ಸಂದುಗಳಲ್ಲಿ ಕೈಯಾಡಿಸಿದೆ, ಅಂಗಡಿ, ಗ್ಯಾಸ್ ಸ್ಟೇಷನ್, ಸಾಕರ್ ಮೈದಾನ ಎಲ್ಲ ಕಣ್ಣ ಮುಂದೆ ಬಂದವು. ಎಲ್ಲಿ ಜಾರಿ ಬಿದ್ದಳೋ! ಗ್ಯಾರೇಜಿನ ಸಿಮೆಂಟಿನ ಮೇಲೆ ಕೂತು ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅಮ್ಮನನ್ನು ಎರಡನೇ ಸಲ ಕಳೆದುಕೊಂಡ ಅಳು ಅದು.

ಅತ್ತರೂ ಹೊಟ್ಟೆ ಕೇಳಬೇಕಲ್ಲ, ಸಂಜೆಗೆ ಅನ್ನವಾಗಬೇಕು. ನಮ್ಮ ಮನೆಯಲ್ಲಿ ಅನ್ನಕ್ಕಿಡುವುದು ಮೊದಲಿನಿಂದಲೂ ನಮ್ಮವರ ಕೆಲಸ. ಆ ದಿನ ಅವರು ಬರುವುದು ತಡವೆಂದು ನಾನೇ ಪ್ಯಾಂಟ್ರಿಯಲ್ಲಿದ್ದ ಸೋನಾ ಮಸೂರಿಯ ದೊಡ್ಡ ಡಬ್ಬಿಗೆ ಕೈಹಾಕಿದೆ. ಬೆರಳಿಗೆ ತಣ್ಣಗೆ ಏನೋ ತಾಕಿತು. ಅಕ್ಕಿ ಸರಿಸಿದರೆ, ಎದೆಮಟ್ಟ ಹೂತುಕೊಂಡು, ಸವೆದ ಸೌಟು ಹಿಡಿದು, ನನ್ನವ್ವ ಕೂತಿದ್ದಾಳೆ.

ನಮ್ಮವರು ಬಂದಾಗ ಅಕ್ಕಿಯ ಡಬ್ಬಿ, ನಾನು, ಅನ್ನಪೂರ್ಣೆ ಮೂವರೂ ಅಡುಗೆಮನೆಯ ಕಟ್ಟೆಯ ಹತ್ತಿರ ಕಾಯುತ್ತಿದ್ದೆವು. ಅವರು ಬ್ಯಾಗು ಇಳಿಸಿ, “ಏನ್ ಹಾಗ್ ನೋಡ್ತೀಯ? ಬ್ಯಾಕಪ್ ಇಲ್ದೆ ಯಾರಾದ್ರೂ ಮೈಗ್ರೇಷನ್ ಮಾಡ್ತಾರಾ?” ಎಂದರು. ನಾನು ಡಬ್ಬಿಯನ್ನು ಅವರತ್ತ ಸರಿಸಿದೆ. ಆಗ ದನಿ ತಗ್ಗಿಸಿ, “ಅಕ್ಕಿ ಬಿಟ್ಟು ಇಡಬೇಡಿ ಅಂತ ಅತ್ತೆ ನನಗೇ ತಾನೆ ಹೇಳಿದ್ದು? ಪ್ಯಾಕ್ ಮಾಡಿದ ದಿನಾನೇ ತೆಗೆದಿಟ್ಟೆ,” ಎಂದರು.

“ಮತ್ತ ನನಗ್ಯಾಕ ಹೇಳ್ಲಿಲ್ರಿ?”

“ನೀನು ಎಲ್ಲಾ ಅಂದ್ರೆ ಎಲ್ಲಾ ಅಂದ್ಬಿಟ್ಯಲ್ಲ. ಹಿಸ್ಟೋರಿಯನ್ ಎದುರು ಮಾತಾಡೋಕಾಗುತ್ತಾ?”

ಅಂದು ಸಂಜೆಯೇ ಪಾಮರರ ಸಾಲನ್ನು ಹೊಡೆದುಹಾಕಿದೆ. ನಾವು ಇತಿಹಾಸ ಬರೆಯುವವರು ಅರಮನೆಯ ಜಗಲಿಯಲ್ಲೇ ಕೂತು, ಯಾರು ಯಾವ ದೇವರನ್ನು ನಂಬಿದರು, ಯಾರು ಬಿಟ್ಟರು ಎಂದು ಲೆಕ್ಕ ಹಾಕುತ್ತೇವೆ. ಮನೆಯೊಳಗಿನ ಲೆಕ್ಕವೇ ಬೇರೆ. ಆ ಕೆಲಸಗಾರನಿಗೆ ತಾವೆರೆತ್‌ಳ ಮೇಲೆ ನಂಬಿಕೆಯೇ ಇರಲಿಲ್ಲವೇನೋ; ಹಗಲೆಲ್ಲ ದೊರೆಯ ಸೂರ್ಯನಿಗಾಗಿ ಕಲ್ಲು ಕಡಿದು ಬಂದವನು, ಒಳಗೆ ದಿನ ತುಂಬಿದ ಹೆಂಡತಿ ಹೆದರಿಕೊಂಡಿದ್ದಾಳೆ ಎಂದು, ಅವಳ ತಾಯಿ ಕೊಟ್ಟ ಆ ನೀರಾನೆಯನ್ನು ತಲೆದಿಂಬಿನ ಹತ್ತಿರ ಇಟ್ಟಿರಬಹುದು. ಬಹುಶಃ. ಈ ಬಾರಿ ಇಂಗನ್ನು ಕೈತುಂಬ ಹಾಕಿದ್ದೇನೆ, ಓದುಗರು ಹೋಳಿಗೆಯತ್ತ ಹೋದರೆ ಹೋಗಲಿ. ಫೇರೋನನ್ನೂ ಬೈಯಲಿಲ್ಲ. ಅವನ ಅರಮನೆಯಲ್ಲಿ ಅಕ್ಕಿಯ ಡಬ್ಬಿಗಳನ್ನು ಯಾರೂ ತೆರೆದು ನೋಡಿಲ್ಲವಲ್ಲ!

ಶಾರ್ಲಟ್‌ಗೆ ಹೋಗಿ ಪೆಟ್ಟಿಗೆ ಕೊಟ್ಟು ಬಂದೆವು. ನಾಲ್ವರು ವೆಂಕಟರಮಣರಲ್ಲಿ ಒಬ್ಬನನ್ನು ಮಾತ್ರ ವಾಪಸು ತಂದೆವು. ಬಿಟ್ಟು ಬರುವಾಗ ನಮ್ಮವರ ಕಾಲೇ ಎದ್ದಿರಲಿಲ್ಲ. ಕಪಾಟಿನಲ್ಲಿ ಈಗ ಒಂದು ದೀಪ, ಒಬ್ಬ ವೆಂಕಟರಮಣ, ಬಟ್ಟಲ ಅಕ್ಕಿಯ ಮೇಲೆ ಅನ್ನಪೂರ್ಣೆ. ಡಿಕ್ಕಿ ಖಾಲಿಯಾಗಿ ತಿಂಗಳುಗಳೇ ಕಳೆದವು, ಬಿರಿಯಾನಿ ಮರಳಿತು, ಬೂಟುಗಳು ಮರಳಿದವು. ಆದರೆ ಮೊಟ್ಟೆ ಮಾತ್ರ ಹಿಂದಿನ ಸೀಟು ಬಿಟ್ಟಿಲ್ಲ. ನಮ್ಮವರ ಕೈಗೆ ಅದು ಒಗ್ಗಿಹೋಗಿದೆ. ಅನಘಾ ಕೂಡ ಈಗ ಕೇಳುವುದಿಲ್ಲ, ತಾನೇ ಬೆಲ್ಟ್ ಹಾಕುತ್ತಾಳೆ. ನಾಳೆ ಅವಳ ಮಕ್ಕಳೂ ಹಾಕಿಯಾರು. ಮುಂದೆಂದೋ ಯಾರಾದರೂ ಆಶ್‌ಬರ್ನನ್ನು ಅಗೆದು, ಕಿಟಕಿಯಿಲ್ಲದ ಮಹಾಗುಡಿಗಳನ್ನೂ ಬೆಲ್ಟ್ ಬಿಗಿದ ಮೊಟ್ಟೆಗಳನ್ನೂ ಕಂಡು, ‘ಈ ಜನ ಅಂಡದೇವತೆಯ ಉಪಾಸಕರು’ ಎಂದು ನನ್ನಂಥವಳೊಬ್ಬಳು ಒಗ್ಗರಣೆ ಹಾಕಿದರೆ ಆಶ್ಚರ್ಯವಿಲ್ಲ.

ಮೊನ್ನೆ ಅಂಗಡಿಗೆ ನಾನೊಬ್ಬಳೇ ಹೋಗಿದ್ದೆ. ಮೊಟ್ಟೆಯ ಟ್ರೇ ಹಿಡಿದು ಡಿಕ್ಕಿ ತೆರೆದೆ. ಒಳಗೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮುಚ್ಚಿ, ಮೊಟ್ಟೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ.