ಕಡಲೆ ಕಾಳಿನಷ್ಟು ಲಿವರ್ ಕೇಳುವ ಗೌರಕ್ಕ

ಬೆಳಗಿನ ಆರು ಗಂಟೆ. ಗೋಕಾಕದ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಗೌರಕ್ಕ ಸ್ಟೂಲ್ ಎಳೆದುಕೊಂಡು ಹುಕ್ಕೇರಿಯ ಮುರಿಗೆಪ್ಪನವರ ಮಂಚದ ಪಕ್ಕ ಕೂರುತ್ತಾರೆ. ಒಂಬತ್ತಕ್ಕೆ ಅವರ ಲಿವರಿನ ಗಡ್ಡೆ ತೆಗೆಯುವ ಆಪರೇಶನ್.

“ಕಾಕಾ, ಗಡ್ಡಿ ಜೋಡಿ ಬಾಜೂಕಿನ ಚಲೋ ಲಿವರೂ ಚೂರು ಬರತೈತ್ರಿ. ಹೆಂಗೂ ಅದನ್ನ ಒಗೀತಾರ. ಅದರಾಗ ಕಡ್ಲಿ ಕಾಳಿನಷ್ಟು ನಮಗ ಕೊಡ್ತೀರೇನ್ರಿ? ಒಲ್ಲೆ ಅಂದ್ರೂ ನಿಮ್ಮ ಆಪರೇಶನ್‌ಗೆ ಏನೂ ಫರಕ್ ಬೀಳೂದಿಲ್ಲ.”

“ತಗೊಂಡು ಏನ ಮಾಡ್ತೀರಿ ಯವ್ವಾ?”

“ಬೆಳಸ್ತಾರ್ರಿ. ಸಾಸಿವಿಗಿಂತ ಸಣ್ಣ ಲಿವರ್ ಆಕ್ಕಾವು. ಹೊಸ ಗುಳಿಗಿ ಮೊದಲ ಅವಕ್ಕ ಹಾಕಿ ನೋಡ್ತಾರ. ಅವು ಕೆಟ್ರ ಆ ಗುಳಿಗಿ ಮಂದಿಗೆ ಕೊಡೂದಿಲ್ಲ.”

ಮುರಿಗೆಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಪೆನ್ನಿಗೆ ಕೈ ಚಾಚುತ್ತಾರೆ.

ಘೋಡಗೇರಿಯ ಗೌರಕ್ಕ ಓದಿದ್ದು ಏಳನೆಯ ತರಗತಿ. ಹತ್ತು ವರ್ಷ ಇದೇ ವಾರ್ಡಿನಲ್ಲಿ ಆಯಾ ಆಗಿದ್ದರು. ನಾಲ್ಕು ವರ್ಷದ ಹಿಂದೆ ಇಲ್ಲಿನ ಪ್ರಯೋಗಾಲಯದ ಸಂಶೋಧಕಿ ಪೂನಮ್ ಬಂದು ಈ ಪುಟ್ಟ ಲಿವರುಗಳನ್ನು ‘ಆರ್ಗನಾಯ್ಡ್’ ಎಂದಾಗ ರೋಗಿಗಳು ಹೆದರಿದರು. ನೆಲ ಒರೆಸುತ್ತಿದ್ದ ಗೌರಕ್ಕ ಅದನ್ನೇ ತಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. ಅಂದಿನಿಂದ ಕೇಳುವ ಕೆಲಸ ಅವರದೇ. ಈವರೆಗೆ ಕೇಳಿದ್ದು 112 ಜನರನ್ನು, ಒಪ್ಪಿದವರು 71.

ಎಲ್ಲರೂ ಮುರಿಗೆಪ್ಪನವರಂತಲ್ಲ. ಕಳೆದ ವರ್ಷ ರೋಗಿಯ ಅಳಿಯನೊಬ್ಬ “ಲಿವರ್ ಮಾರಾಕತ್ತಾಳ ಈಕಿ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿ ಒಪ್ಪಿಗೆಯ ಕಾಗದ ಹರಿದ. ಗೌರಕ್ಕ ಎಂಟು ದಿನ ಮನೆಯಿಂದ ಹೊರಬರಲಿಲ್ಲ. “ತಲಿ ಎತ್ತಿ ನಡ್ಯಾಕ ಆಗವಲ್ದಾಗಿತ್ರಿ” ಎನ್ನುತ್ತಾರೆ.

ಒಂಬತ್ತನೆಯ ದಿನ ಪೂನಮ್ ಫೋನ್ ಮಾಡಿದರು. ಮೂಡಲಗಿಯ ಬಾಳವ್ವ ಹುಡುಕಿಕೊಂಡು ಬಂದಿದ್ದಾರೆ ಎಂದರು. ಬಾಳವ್ವನ ಗಂಡ ಮಾಲಿಂಗಪ್ಪ ಹಿಂದೆ ಚೂರು ಕೊಟ್ಟಿದ್ದರು, ಆಮೇಲೆ ತೀರಿಕೊಂಡರು. ಗೌರಕ್ಕ ಓಡಿ ಬಂದಾಗ ಬಾಳವ್ವ ಕೇಳಿದ್ದು ಒಂದೇ: “ಅವರ ಚೂರು ಇನ್ನೂ ಜೀವಂತ ಐತೇನ್ರಿ?”

ಪೂನಮ್ ಆಕೆಯನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ದುಂಡನೆಯ ಸಣ್ಣ ಉಂಡೆಗಳು. ಬಾಳವ್ವ ಬಹಳ ಹೊತ್ತು ನೋಡಿದರು.

“ಇವಕ್ಕ ಹಸಿವು ಆಕ್ಕೈತೇನ್ರಿ?”

“ದಿನಾ ಬಿಟ್ಟು ದಿನಾ ಊಟಾ ಹಾಕ್ತಾರವಾ” ಎಂದರು ಗೌರಕ್ಕ.

ಒಂದು ಹೊಸ ಗುಳಿಗೆ ಲಿವರನ್ನು ಕೆಡಿಸುತ್ತದೆಂದು ಮೊದಲು ತಿಳಿದದ್ದು ಆ ಉಂಡೆಗಳಿಂದಲೇ. ಅದು ಯಾವ ರೋಗಿಯ ಬಾಯಿಗೂ ಹೋಗಲಿಲ್ಲ ಎಂದು ಪೂನಮ್ ಹೇಳಿದರು. ಬಾಳವ್ವ ಗೌರಕ್ಕನ ಕೈ ಹಿಡಿದುಕೊಂಡರು. “ನೀವು ಕೇಳಿದ್ದು ಚಲೋ ಆತ್ರಿ. ಕೇಳದ ಇದ್ರ ಇಷ್ಟೂ ಉಳೀತಿರಲಿಲ್ಲ.”

ಮರುದಿನ ಗೌರಕ್ಕ ವಾರ್ಡಿಗೆ ಮರಳಿದರು.

ಏನಾದರೂ ಆಸೆ ಇದೆಯೇ ಎಂದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಯಾರ ಚೂರಿನಿಂದ ಏನ ತಿಳೀತು ಅಂತ ಪೂನಮ್ ಅಕ್ಕಾರು ಬರದದ್ದೆಲ್ಲಾ ಇಂಗ್ಲೀಷಿನಾಗ ಐತ್ರಿ. ಕನ್ನಡದಾಗ ಬರದು ಕೊಟ್ರ, ಎಪ್ಪತ್ತೊಂದು ಮನಿಗೂ ನಾನ ಹೋಗಿ ಓದಿ ಹೇಳ್ತೇನಿ. ಇಸ್ಕೊಂಡ ಮ್ಯಾಲೆ ಏನಾತು ಅಂತ ಹೇಳಬೇಕಲ್ರಿ.”