ತೂಕಕ್ಕೆ ಬಂದ ಹೆಂಗಸರು

ನಮ್ಮೂರಿನ ದಾರಿಗೆ ದಾರಿ ಎಂದು ಹೆಸರಿಟ್ಟವನು ಯಾರೋ ಗೊತ್ತಿಲ್ಲ. ಸಿಕ್ಕರೆ ಅವನನ್ನು ನನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಸುರಪುರದವರೆಗೆ ಒಂದು ಸಲ ಕರೆದೊಯ್ಯುವ ಆಸೆಯಿದೆ. ಬೋನಾಳದ ಕೆರೆ ದಾಟಿ, ಎರೆಹೊಲಗಳ ನಡುವೆ ನಮ್ಮ ಊರು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಟ್ರ್ಯಾಕ್ಟರಿನ ಜಾಡು ಹೊತ್ತುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾರು, ಆಟೊ ಯಾವುದೂ ಒಳಗೆ ಬರಲು ಒಪ್ಪುವುದಿಲ್ಲ. ನಾಲ್ಕೂ ಗಾಲಿ ಎಳೆಯುವ ನನ್ನ ಹಳೆಯ ಜೀಪು ಮಾತ್ರ ಬರುತ್ತದೆ. ಕುರಿಮರಿಗಳನ್ನು ಸಂತೆಗೆ ಒಯ್ಯಲೆಂದು ಅದನ್ನು ತಂದಿದ್ದೆ. ಅಕ್ಕನ ಕಿಡ್ನಿ ಹೋದ ಮೇಲೆ ಅದರಲ್ಲಿ ಕುರಿಗಿಂತ ಅಕ್ಕನೇ ಹೆಚ್ಚು ಓಡಾಡಿದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆಕೆ ನಮ್ಮ ಮನೆಗೇ ಬಂದಿದ್ದಳು. ನನಗೆ ಮದುವೆ ಮಾಡಿಸಿದವಳು ಆಕೆ, ಮದುವೆಯಾದ ಮೇಲೆ ನನ್ನ ಹೆಂಡತಿಯ ಪರವಾಗಿ ನನ್ನನ್ನು ಬೈಯುತ್ತ ಬಂದವಳೂ ಆಕೆಯೇ. ಕಿಡ್ನಿ ಕೈಕೊಟ್ಟಾಗ ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಮಶೀನಿನ ಮೇಲೆ ಮಲಗಬೇಕಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು ಎರಡು ಮಾತು ಹೇಳಿದರು. ಒಂದು, ಡಯಾಲಿಸಿಸ್ ತಪ್ಪಿಸಿದರೆ ಆಕೆ ಉಳಿಯುವುದಿಲ್ಲ. ಇನ್ನೊಂದು, ಈ ರೋಗದಲ್ಲಿ ಎಲುಬು ಟೊಳ್ಳಾಗುತ್ತವೆ, ಆಕೆಯ ಬೆನ್ನಿನ ಎಲುಬು ಆಗಲೇ ಕುಸಿದಿದೆ, ಕುಲುಕಾಡಿಸಬೇಡಿ. ಎರಡನ್ನೂ ಒಟ್ಟಿಗೆ ಪಾಲಿಸುವ ದಾರಿ ಯಾವುದು ಎಂದು ನಾನು ಕೇಳಲಿಲ್ಲ. ಡಾಕ್ಟರು ನಮ್ಮೂರ ದಾರಿ ನೋಡಿರಲಿಲ್ಲ.

ಖಾಲಿ ಜೀಪು ಎಂದರೆ ಏನೆಂದು ಅದರಲ್ಲಿ ಕುಳಿತವರಿಗೇ ಗೊತ್ತು. ಅಡಿಯಲ್ಲಿ ಒಂದರ ಮೇಲೊಂದು ಕೂಡಿಸಿದ ಉಕ್ಕಿನ ಪಟ್ಟಿಗಳಿರುತ್ತವೆ, ನಮ್ಮ ಕಡೆ ಅದಕ್ಕೆ ಪಾಟಾ ಎನ್ನುತ್ತೇವೆ. ಹೊರೆ ಹೊರಲೆಂದು ಮಾಡಿದ ಪಾಟಾ ಅದು. ಮೇಲೆ ಹೊರೆ ಇಲ್ಲದಿದ್ದರೆ ಬಾಗುವುದೇ ಇಲ್ಲ. ತಗ್ಗಿಗೆ ಬಿದ್ದ ಪೆಟ್ಟು ನೇರವಾಗಿ ಕೂತವರ ಬೆನ್ನಿಗೆ ಬರುತ್ತದೆ. ಮೊದಲ ಕೆಲವು ವಾರ ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಂದಳು. ಆಮೇಲೆ ಒಂದು ದಿನ ಜೀಪಿನಿಂದ ಇಳಿಯುತ್ತಲೇ ಹೇಳಿಬಿಟ್ಟಳು.

“ಇನ್ನ ನಾ ಬರಂಗಿಲ್ಲ ತಮ್ಮಾ. ಆ ರೋಗ ಕೊಲ್ಲೂದರಾಗ ನಿನ್ನ ಜೀಪ ಕೊಲ್ತೈತಿ.”

ಅದನ್ನು ಎದುರುಮನೆಯ ದೊಡ್ಡವ್ವ ಕೇಳಿಸಿಕೊಂಡಳು. ಮೈತುಂಬಿದ ಹೆಂಗಸು, ಗಂಟಲೂ ಮೈಗೆ ತಕ್ಕಂತೆಯೇ. ಕಟ್ಟೆಯ ಮೇಲೆ ಕುಳಿತೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಕುರಿ ತುಂಬಿದಾಗ ನಿನ್ನ ಜೀಪ ಮೆತ್ತಗ ಹೋಗ್ತೈತೋ ಇಲ್ಲೋ? ಕುರಿಗಿ ಬರೂ ಭಾಗ್ಯ ನಿಮ್ಮಕ್ಕಗ ಬ್ಯಾಡೇನು? ನಾಳೆ ನಮ್ಮನ್ನ ತುಂಬು.”

ಮರುದಿನವಲ್ಲದಿದ್ದರೂ ಮುಂದಿನ ಡಯಾಲಿಸಿಸ್ಸಿನ ದಿನ ಆಕೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದೇ ಬಂದಳು. ಕೆರೆಯಲ್ಲಿ ಮೀನು ಹಿಡಿಯುವವರ ಮನೆಯ ಅತ್ತೆ ಸೊಸೆ, ಬಳೆ ಮಾರುವಾಕೆ, ಕುರಿ ಕಾಯುವವರ ಮನೆಯ ಮುದುಕಿ, ಹೀಗೆ. ಅಕ್ಕನನ್ನು ನಡುವೆ ಕೂಡಿಸಿ, ಆ ಕಡೆ ದೊಡ್ಡವ್ವ, ಈ ಕಡೆ ಮೀನಿನವರ ಅತ್ತೆ ಒತ್ತಿ ಕುಳಿತರು. ಪಾಟಾ ಬಾಗಿತು. ಜೀಪು ತಗ್ಗಿಗಿಳಿದು ಹತ್ತಿದಾಗ ಎಲ್ಲರೂ ಒಟ್ಟಿಗೆ ಒಂದು ಬದಿಗೆ ವಾಲಿದರು, ಒಟ್ಟಿಗೆ ನಕ್ಕರು. ಅಕ್ಕನ ಬಾಯಲ್ಲಿ ಸೆರಗಿರಲಿಲ್ಲ. ಅಂದಿನಿಂದ ಓಣಿಯಲ್ಲಿ ಅದಕ್ಕೊಂದು ಮಾತೇ ಹುಟ್ಟಿತು. ಯಾರಾದರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, “ತೂಕಕ್ಕ ಹೊಂಟೀವ್ರಿ” ಎನ್ನುತ್ತಿದ್ದರು.

ಆ ಜೀಪಿನ ಗದ್ದಲ ನನಗೆ ತಲೆ ಚಿಟ್ಟು ಹಿಡಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಊರಿನ ಯಾವ ಸೊಸೆ ಯಾವ ಅತ್ತೆಗೆ ಏನಂದಳು ಎಂಬುದೆಲ್ಲ ಸುರಪುರ ಮುಟ್ಟುವಷ್ಟರಲ್ಲಿ ತೀರ್ಮಾನವಾಗುತ್ತಿತ್ತು. ಶಹಾಪುರದ ಗುಡ್ಡ ಕಂಡಾಗ ಬಳೆಯಾಕೆ ತನ್ನ ತವರು ವನದುರ್ಗದ ಕೋಟೆಯ ಬಗ್ಗೆ ಶುರು ಮಾಡುತ್ತಿದ್ದಳು. ಪ್ರತಿ ಸಲವೂ ಅದೇ ಕತೆ, ಪ್ರತಿ ಸಲವೂ ಬೇರೆ ಕೊನೆ. ಅಕ್ಕ ಮಶೀನಿನ ಮೇಲೆ ಮಲಗಿದ್ದಾಗ ಅವರು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಪ್ರಸಾದ ಉಂಡು, ಆಕೆಗೆಂದು ವಿಭೂತಿ ತರುತ್ತಿದ್ದರು. ಒಂದು ವಿಷಯ ಮಾತ್ರ ನಾನು ಬಹಳ ದಿನ ಗಮನಿಸಿರಲಿಲ್ಲ. ಅಕ್ಕ ನೀರನ್ನು ಅಳೆದು ಕುಡಿಯಬೇಕಿತ್ತು, ದಿನಕ್ಕೆ ಇಷ್ಟೇ ಎಂದು. ಅದಕ್ಕಾಗಿ ಆ ಹೆಂಗಸರಲ್ಲಿ ಯಾರೂ ಜೀಪಿನಲ್ಲಿ ನೀರು ಕುಡಿಯುತ್ತಿರಲಿಲ್ಲ, ಎಂಥ ಬಿಸಿಲಿದ್ದರೂ ಸರಿ. ಯಾರೂ ಯಾರಿಗೂ ಹೇಳಿ ಮಾಡಿದ ನೇಮವಲ್ಲ ಅದು.

ಆದರೆ ಹೆಂಗಸರಿಗೆ ಬೇರೆ ಕೆಲಸವಿಲ್ಲವೇ? ಹತ್ತಿ ಬಿಡಿಸುವ ದಿನಗಳು ಬಂದವು. ಒಬ್ಬಳು ಬಂದರೆ ಒಬ್ಬಳಿಲ್ಲ. ಇಂದು ಬರುತ್ತೇನೆಂದವಳ ಮನೆ ಮುಂದೆ ಹಾರ್ನ್ ಹೊಡೆಯುತ್ತ ನಿಂತರೆ ಆಕೆ ಇನ್ನೂ ರೊಟ್ಟಿ ಬಡಿಯುತ್ತಿರುತ್ತಾಳೆ. ಹೀಗೆ ಕಾಯುತ್ತ ಕಾಯುತ್ತ ಒಂದು ದಿನ ತಡವಾಯಿತು. ಯಾದಗಿರಿ ಮುಟ್ಟಿದಾಗ ಅಕ್ಕನ ಪಾಳಿ ದಾಟಿ ಬೇರೆಯವರನ್ನು ಮಲಗಿಸಿದ್ದರು. ಕತ್ತಲಾಗುವತನಕ ಕಾದು ಅರ್ಧ ಹೊತ್ತು ಮಾತ್ರ ಮಶೀನು ಸಿಕ್ಕಿತು. ಭೀಮಾ ಸೇತುವೆ ದಾಟುವಾಗ ಆಕೆಗೆ ಉಸಿರು ಎಳೆಯುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಾಲ್ಕು ಮಂದಿಯ ಹಂಗಿನಲ್ಲಿ ಅಕ್ಕನ ಜೀವ ಇಡುವುದಿಲ್ಲ ಎಂದು ಆಗ ನಿರ್ಧರಿಸಿದೆ. ತೂಕವೇ ಬೇಡದಂಥ ಜೀಪು ಮಾಡಬೇಕು.

ಶಹಾಪುರದಲ್ಲಿ ನನಗೆ ಗೊತ್ತಿದ್ದ ಮಿಸ್ತ್ರಿಯೊಬ್ಬ ಇದ್ದ. ಮಾತಿನಲ್ಲಿ ಮನೆ ಕಟ್ಟುವವನು. ದುಡ್ಡಿದ್ದವರ ಮಕ್ಕಳ ಜೀಪುಗಳನ್ನು ಎತ್ತರ ಮಾಡಿಕೊಟ್ಟು ಹೆಸರು ಗಳಿಸಿದ್ದ. ನನ್ನ ಮಾತು ಪೂರ್ತಿ ಕೇಳದೆ, “ಅಂಜಬ್ಯಾಡ್ರಿ, ಎತ್ತರ ಮಾಡೂನು, ಹೂವಿನಂಗ ಹೋಗ್ತೈತಿ” ಎಂದ. ಪಾಟಾದ ತುದಿಯನ್ನು ಜೀಪಿನ ಅಡಿಕಟ್ಟಾದ ಚಾಸಿಗೆ ಜೋಡಿಸುವ ಕೊಂಡಿಗಳನ್ನು ಉದ್ದ ಮಾಡಿದ. ಜೀಪು ಎತ್ತರವಾಯಿತು, ಅಷ್ಟೇ. ಅಕ್ಕ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಬೇಕಾಯಿತು. ಕುಲುಕು ತಡೆಯುವ ಶಾಕಬ್ಸರ್ ಮಾತ್ರ ಹಳೆಯವೇ, ಗಿಡ್ಡವು. ಗಾಲಿ ತಗ್ಗಿಗೆ ಇಳಿಯಬೇಕೆನ್ನುವಷ್ಟರಲ್ಲಿ ಅವು ತುದಿ ಮುಟ್ಟಿ ಜಗ್ಗಿ ಹಿಡಿಯುತ್ತಿದ್ದವು. ಮೊದಲು ಏರುವಾಗ ಪೆಟ್ಟು ಬೀಳುತ್ತಿತ್ತು, ಈಗ ಇಳಿಯುವಾಗಲೂ ಬಿತ್ತು. ಅಂದು ಮನೆ ಮುಟ್ಟಿದ ಮೇಲೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಮರುದಿನ ಶಹಾಪುರಕ್ಕೆ ಹೋಗಿ ಮಿಸ್ತ್ರಿಗೆ ಬಾಯಿಗೆ ಬಂದಂತೆ ಬೈದೆ.

ಆಮೇಲೆ ಅವನ ಪಕ್ಕದಲ್ಲೇ ಕುಳಿತು ನಾನೇ ಮಾಡಿಸಿದೆ. ಬೇಕಾದದ್ದು ಎತ್ತರವಲ್ಲ, ಗಾಲಿ ಮೇಲೆ ಕೆಳಗೆ ಆಡುವ ಜಾಗ. ದಪ್ಪ ಪಾಟಾ ತೆಗೆಸಿ, ತೆಳುವಾದ, ಉದ್ದನೆಯ ಪಟ್ಟಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಕೂಡಿಸಿದೆವು. ದೊಡ್ಡ ಗಾಡಿಯ ಉದ್ದ ಶಾಕಬ್ಸರ್ ಹುಡುಕಿ ತಂದು, ಅವುಗಳಿಗೆ ಹೊಸ ಜಾಗದಲ್ಲಿ ಬೆಸುಗೆ ಹಾಕಿಸಿದೆವು. ಗಾಲಿ ಕೆಳಗಿಳಿದಾಗ ಬಿಗಿಯಬಾರದೆಂದು ಬ್ರೇಕಿನ ಪೈಪನ್ನೂ ಉದ್ದ ಮಾಡಿದೆವು. ಮೊದಲು ನಾಲ್ಕು ಬೆರಳು ಆಡುತ್ತಿದ್ದ ಗಾಲಿ ಈಗ ಒಂದು ಗೇಣು ಆಡತೊಡಗಿತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, ಈ ಸಲ ಜಂಬವಿಲ್ಲದೆ ಹೇಳಿದ.

“ಇನ್ ಮ್ಯಾಲ ಮಂದಿ ತುಂಬಬ್ಯಾಡ್ರಿ ಮತ್ತ. ಒಜ್ಜಿ ಬಿತ್ತಂದ್ರ, ಭಾರ ಹೆಚ್ಚಾತಂದ್ರ, ಪಾಟಾ ಪೂರಾ ಕೂತು ಚಾಸಿಗಿ ಬಡಿತೈತಿ. ನೀವೂ ನಿಮ್ಮಕ್ಕನೂ ಇದ್ರ ಸಾಕು.”

ಊರಿಗೆ ಮರಳುವಾಗ ಹಿಂದಿನ ಸೀಟಿನ ಮೇಲೆ ನೀರು ತುಂಬಿದ ತಂಬಿಗೆಯೊಂದನ್ನು ಬಟ್ಟೆಯ ಸಿಂಬಿ ಮಾಡಿ ಇಟ್ಟೆ. ಕೆರೆಯ ಈಚೆಯ ಎಲ್ಲ ತಗ್ಗುಗಳನ್ನೂ ದಾಟಿ ಬಂದು ನೋಡಿದರೆ ಬಟ್ಟೆ ಒದ್ದೆಯಾಗಿರಲಿಲ್ಲ. ಬಾಗಿಲಲ್ಲೇ ಅಕ್ಕನನ್ನು ಕರೆದು ತೋರಿಸಿದೆ.

“ನೋಡ್ ಯಕ್ಕಾ, ಒಂದ್ ಹನಿ ಚೆಲ್ಲಿಲ್ಲ!”

ಆಕೆ ತಂಬಿಗೆಯ ನೀರನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿದಳು, “ಹಂಗಾರ ದೊಡ್ಡವ್ವ ಬರೂದು ಬ್ಯಾಡಾಯ್ತು?”

ಬೇಡ ಎಂದೆ. ದೊಡ್ಡವ್ವನಿಗೂ ನಾನೇ ಹೋಗಿ ತಿಳಿಸಿದೆ. “ಯಾಕೋ, ನಾವ್ ಒಜ್ಜಿ ಆದ್ವೇನು ನಿಮಗ?” ಎಂದು ನಕ್ಕಳು. ನಗು ಸ್ವಲ್ಪ ಹೊತ್ತಿನಲ್ಲೇ ನಿಂತಿತು.

ಜೀಪು ಮೆತ್ತಗಾಗಿತ್ತು. ಇದನ್ನು ನಾನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಷ್ಟು ಮೆತ್ತನೆಯ ಜೀಪು ನಮ್ಮ ಭಾಗದಲ್ಲಿ ಇನ್ನೊಂದಿರಲಿಕ್ಕಿಲ್ಲ. ಯಾರಿಗೂ ಕಾಯದೆ ಹೊರಡುತ್ತಿದ್ದೆವು, ಪಾಳಿಗಿಂತ ಮೊದಲೇ ಮುಟ್ಟುತ್ತಿದ್ದೆವು. ಹಿಂದಿನ ಉದ್ದ ಸೀಟಿನಲ್ಲಿ ಅಕ್ಕ ಒಬ್ಬಳೇ, ಕಂಬಿ ಹಿಡಿದು ಕೂತಿರುತ್ತಿದ್ದಳು. ಮಾತಾಡಿಸಲು ನನಗೆ ಬರುವುದಿಲ್ಲ. ಕುರಿಗಳ ಹಿಂದೆ ಬೆಳೆದವನು, ಸಿಳ್ಳೆ ಹೊಡೆದು ಕರೆಯುವುದಷ್ಟೇ ಗೊತ್ತು. ಸುರಪುರ ದಾಟುತ್ತಿತ್ತು, ಶಹಾಪುರ ದಾಟುತ್ತಿತ್ತು, ಕನ್ನಡಿಯಲ್ಲಿ ನೋಡಿದರೆ ಆಕೆ ಒಂದೇ ಕಡೆ ದಿಟ್ಟಿಸುತ್ತಿದ್ದಳು. ಒಂದು ಸಲ, “ಕೋಟಿ ಕತಿ ಗೊತ್ತೈತೇನ್ ನಿನಗ, ವನದುರ್ಗದ್ದು?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿತ್ತು, ಅಷ್ಟು ಸಲ ಕೇಳಿದ್ದೆ. ಹೇಳಲು ಬರಲಿಲ್ಲ.

ಹಾಗೆ ಒಂದು ಬೆಳಿಗ್ಗೆ ಜೀಪು ಶುರು ಮಾಡಿ ನಿಂತೆ. ಅಕ್ಕ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಹಳೆಯ ಸೀರೆಯಲ್ಲೇ ಗೋಡೆಗೊರಗಿ ಕೂತಿದ್ದಳು.

“ಏಳು, ಹೊತ್ತಾಗ್ತೈತಿ.”

“ಬರಂಗಿಲ್ಲ.”

“ಈಗ ಎಲ್ಲಿ ಕುಲುಕ್ತೈತಿ? ಬೆನ್ನಿಗಿ ಏನರೇ ಆಗ್ತೈತೇನು?”

“ಕುಲುಕಂಗಿಲ್ಲ. ಚಲೋ ಮಾಡೀದಿ. ಬ್ಯಾನಿ ಮೊದ್ಲೂ ಇತ್ತು ತಮ್ಮಾ, ಅವರು ಒತ್ತಿ ಕುಂತಾಗೂ ಇತ್ತು. ಅವರ ಜೋಡಿ ಇದ್ರ ಊರಿಗಿ ಹೋಗಿ ಬಂದಂಗ ಆಗ್ತಿತ್ತು. ಈಗ ದವಾಖಾನಿಗಿ ಹೋಗಿ ಬಂದಂಗ ಆಗ್ತೈತಿ. ಇದು ಎಂದೂ ಮುಗಿಯಂಗಿಲ್ಲ ಅಂತ ನನಗ ಈಗ ಗೊತ್ತಾಗೈತಿ. ನನ್ನ ಬಿಟ್ಟುಬಿಡು.”

ಬಿಡಲಿಲ್ಲ. ಅಂದು ನಾನೂ ನನ್ನ ಹೆಂಡತಿಯೂ ಆಕೆಯನ್ನು ಎತ್ತಿ ಜೀಪಿಗೆ ಹಾಕಿದೆವು. ಅದರ ಮುಂದಿನ ಸಲವೂ ಎತ್ತಿದೆವು. ಬೈದೆ, ಕೈಮುಗಿದೆ, ಅತ್ತುಬಿಟ್ಟೆ. ಹೆಂಗಸರನ್ನು ಕರೆಯಲು ಹೋದೆ. ಇಬ್ಬರನ್ನು ಕೂಡಿಸಿದರೆ ಪಾಟಾ ತಾಳಬಹುದು ಎಂದುಕೊಂಡಿದ್ದೆ. ಹತ್ತಿಯ ಕೆಲಸ ಮುಗಿದಿರಲಿಲ್ಲ, ಎಲ್ಲರೂ ಹೊಲದಲ್ಲಿದ್ದರು. ದೊಡ್ಡವ್ವ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ದಪ್ಪ ಪಾಟಾ ಮತ್ತೆ ಹಾಕಿಸಿ ಜೀಪನ್ನು ಮೊದಲಿನಂತೆ ಮಾಡಿಬಿಡೋಣವೆಂದು ಶಹಾಪುರಕ್ಕೆ ಫೋನು ಮಾಡಿದರೆ ಮಿಸ್ತ್ರಿ, “ಅವು ಗುಜರಿಗಿ ಹೋಗ್ಯಾವ್ರಿ” ಎಂದ. ಒಳ್ಳೆಯ ಜೀಪನ್ನು ಕೆಡಿಸಲು ಅಲೆಯುವ ಗಿರಾಕಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ನಾನು ಹುಚ್ಚನಾಗಿದ್ದೇನೆ ಎಂದುಕೊಂಡಿರಬೇಕು. ಆ ದಿನಗಳಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು.

ಆಮೇಲೆ ಅಕ್ಕ ತನ್ನ ಕೋಣೆಯ ಬಾಗಿಲ ಚಿಲಕ ಒಳಗಿನಿಂದ ಹಾಕಿಕೊಂಡಳು. ಬಾಗಿಲು ಮುರಿಯುವ ಧೈರ್ಯ ನನಗೆ ಬರಲಿಲ್ಲ. ಎರಡು ಪಾಳಿ ತಪ್ಪಿದವು. ಮೈ ಬಾತು, ಉಸಿರು ಕಟ್ಟಿದಾಗ ತಾನೇ ಚಿಲಕ ತೆಗೆದಳು. ನಾನು ಓಡಿಸಿಕೊಂಡು ಹೋದೆ. ಜೀಪು ಎಷ್ಟು ಮೆತ್ತಗೆ ಹೋಯಿತೆಂದರೆ ಆಕೆ ಯಾವ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿದಳೆಂಬುದು ನನಗೆ ತಿಳಿಯಲಿಲ್ಲ. ಯಾದಗಿರಿಯಲ್ಲಿ ಅವರು ಮಾಡುವುದನ್ನೆಲ್ಲ ಮಾಡಿದರು. ಮರುದಿನ ಮುಂಜಾನೆ ಅಕ್ಕ ಹೋದಳು.

ಸುದ್ದಿ ಮುಟ್ಟಿದ ಕೂಡಲೇ ಹೆಂಗಸರು ಹೊಲದಿಂದಲೇ ದೊಡ್ಡ ರಸ್ತೆಗೆ ನಡೆದು, ಬಸ್ಸು ಹಿಡಿದು ಯಾದಗಿರಿಗೆ ಬಂದಿದ್ದರು. ಸೀರೆಯ ಅಂಚಿನಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಮಗಳ ಊರಿನಿಂದ ದೊಡ್ಡವ್ವನೂ ಬಂದಿದ್ದಳು. ಬೇರೆ ಗಾಡಿ ನಮ್ಮೂರ ದಾರಿಗೆ ಬರುತ್ತಿರಲಿಲ್ಲ, ಆದ್ದರಿಂದ ಅಕ್ಕನನ್ನು ಜೀಪಿನಲ್ಲೇ ಮಲಗಿಸಿದೆ. ಹೆಂಗಸರು ಬಸ್ಸಿನಲ್ಲಿ ಬರಲಿ ಎಂದುಕೊಂಡು ತಿರುಗಿ ನೋಡಿದರೆ ದೊಡ್ಡವ್ವ ಆಗಲೇ ಹತ್ತಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

“ಬರ್ರಿ, ಎಲ್ಲಾರೂ ಏರ್ರಿ. ಆಕಿಗಿ ಕುಲುಕಬಾರದು. ಒತ್ತಿ ಕೂಡ್ರಿ.”

ಒಬ್ಬೊಬ್ಬರಾಗಿ ಹತ್ತಿದರು. ತೆಳುವಾದ ಪಾಟಾ ಅವರ ಭಾರಕ್ಕೆ ಪೂರ್ತಿ ಕೂತದ್ದು ನನ್ನ ಕಣ್ಣಿಗೇ ಕಂಡಿತು. ಇಳಿಯಿರಿ, ನಿಮ್ಮಿಂದಲೇ ಕುಲುಕುತ್ತದೆ ಎಂದು ಹೇಳಬಹುದಿತ್ತು. ಒಮ್ಮೆ ಹೇಳಿ ಏನಾಗಿತ್ತೆಂದು ಗೊತ್ತಿದ್ದವನು ನಾನು, ಹೋಗಿ ಸ್ಟೇರಿಂಗ್ ಹಿಡಿದೆ.

ದೊಡ್ಡ ರಸ್ತೆ ಇರುವತನಕ ಸರಿಯಿತ್ತು. ಬೋನಾಳದ ಕೆರೆ ದಾಟಿ ನಮ್ಮ ದಾರಿಗೆ ಇಳಿದ ಮೇಲೆ ಮೊದಲ ತಗ್ಗಿಗೇ ಚಾಸಿ ಧಡ್ ಎಂದು ಬಡಿಯಿತು. ಕನ್ನಡಿಯಲ್ಲಿ ಅಕ್ಕನ ತಲೆ ದೊಡ್ಡವ್ವನ ತೊಡೆಯಿಂದ ಎದ್ದು ಬಿದ್ದದ್ದು ಕಂಡಿತು. ದೊಡ್ಡವ್ವ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು.

“ಸಾವಕಾಶ ಹೊಡಿಯೋ ತಮ್ಮಾ, ಆಕಿಗಿ ನೋಯ್ತೈತಿ.”

ನಡೆದು ಹೋಗುವವರು ನಮ್ಮನ್ನು ದಾಟಿ ಮುಂದೆ ಹೋಗುವಷ್ಟು ಸಾವಕಾಶ ಹೊಡೆದೆ. ಆದರೂ ಒಂದೊಂದು ತಗ್ಗಿಗೂ ಬಡಿಯುತ್ತಲೇ ಇತ್ತು. ಬಡಿದಾಗಲೆಲ್ಲ ಹೆಂಗಸರು ಇನ್ನಷ್ಟು ಒತ್ತಿ ಕೂಡುತ್ತಿದ್ದರು. ಮೇಲೆ ಬಿಸಿಲು ಉರಿಯುತ್ತಿತ್ತು, ತುಂಬಿದ ಬಾಟಲಿ ನನ್ನ ಕಾಲ ಬಳಿಯೇ ಉರುಳಾಡುತ್ತಿತ್ತು. ಯಾದಗಿರಿಯಿಂದ ಊರು ಮುಟ್ಟುವತನಕ ಆ ಜೀಪಿನಲ್ಲಿ ಯಾರೂ ನೀರು ಕುಡಿಯಲಿಲ್ಲ.