ಪರ್ಪೆತುವಾ ಮೇಡಂ ಮಾಡಿದ ಪಟ್ಟಿ

ಇಲೋಯಿಲೋ ಎಂಬ ಊರಿನ ಆ ಕಾಲೇಜಿನಲ್ಲಿ ಲೈಬ್ರರಿಯನ್ ಪರ್ಪೆತುವಾ ತಾಕ್ಸಾಗೊನ್ ಎಂದರೆ ಡೀನ್‌ಗೂ ಸ್ವಲ್ಪ ಅಳುಕು. ಅವರು ಎಂದೂ ದನಿ ಎತ್ತಿದವರಲ್ಲ. ಆ ಊರಿನವರ ಮಾತೇ ಹಾಗೆ, ಜಗಳವಾಡುವಾಗಲೂ ಮಗುವನ್ನು ಮಲಗಿಸುವ ರಾಗ. ಆದರೆ ಆ ರಾಗದಲ್ಲೇ ಅವರು ಪ್ರಶ್ನೆ ಕೇಳುತ್ತಿದ್ದರು. ಹೊಸದಾಗಿ ಸೇರಿದ ಪ್ರತಿ ವಿದ್ಯಾರ್ಥಿಗೂ ಮೊದಲ ದಿನವೇ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದರು. ಬರೆದವರು ಯಾರು? ಯಾವಾಗ ಬರೆದರು? ಬರೆಸಲು ದುಡ್ಡು ಕೊಟ್ಟವರು ಯಾರು? ನೀನು ನಂಬಿದರೆ ಲಾಭ ಯಾರಿಗೆ? ಈ ನಾಲ್ಕಕ್ಕೆ ಉತ್ತರ ಸಿಗದ ಯಾವ ಪುಸ್ತಕವೂ ಮೂವತ್ತೊಂದು ವರ್ಷದಲ್ಲಿ ಅವರ ಕಪಾಟು ಹತ್ತಿರಲಿಲ್ಲ.

ಇಂಥ ಹೆಂಗಸು ಜೀವಮಾನದಲ್ಲಿ ಒಂದೇ ಒಂದು ಸಲ ಪ್ರಶ್ನೆ ಕೇಳಲಿಲ್ಲ. ಆ ಒಂದು ಸಲ ಎದುರಿಗೆ ಕೂತಿದ್ದವನು ನಿಕಾನೋರ್.

ನಿಕಾನೋರ್ ಹೊರಗಿನವನಲ್ಲ. ಅವನ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಅವನನ್ನು ಎತ್ತಿಕೊಂಡು ನಿಂತವರು, ಪಾದ್ರಿ ಕೇಳಿದಾಗ ಅವನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದವರು ಪರ್ಪೆತುವಾ. ಅಂದಿನಿಂದ ಅವರು ಅವನಿಗೆ ನಿನಾಂಗ್, ಹೆತ್ತ ತಾಯಿಯ ನಂತರದ ತಾಯಿ. ಪ್ರತಿ ಕ್ರಿಸ್ಮಸ್ಸಿಗೆ ಬಂದು ಅವರ ಕೈ ಹಿಡಿದು ಹಣೆಗೊತ್ತಿಕೊಳ್ಳುತ್ತಿದ್ದ. ಅವರು 'ದೇವರು ನಿನ್ನ ಮೇಲೆ ಕರುಣೆ ತೋರಲಿ' ಎಂದು ಹರಸಿ ಲಕೋಟೆ ಕೊಡುತ್ತಿದ್ದರು. ಒಂದು ಕ್ರಿಸ್ಮಸ್ಸಿಗೆ ಅವನೇ ಅವರಿಗೆ ಉಡುಗೊರೆ ತಂದ. ಜೊತೆಗೆ ಚೌಕಟ್ಟು ಹಾಕಿಸಿದ ಒಂದು ಕಾಗದ, ಕೆಂಪು ಮುದ್ರೆ ಇದ್ದದ್ದು. 'ಸಿಲಾಕ್ ಗ್ರೋತ್ ಸರ್ಕಲ್' ಎಂಬ ಕಂಪನಿಯ ನೋಂದಣಿ ಪತ್ರ. ದುಡ್ಡು ಹಾಕಿದರೆ ತಿಂಗಳಿಗೆ ಎಂಟು ಪರ್ಸೆಂಟ್ ಎಂದ. ಕಂಪನಿ ನೋಂದಾಯಿಸುವುದು ಬೇರೆ, ಜನರ ಹಣ ಹೂಡಿಕೆಗೆ ತೆಗೆದುಕೊಳ್ಳಲು ಪಡೆಯಬೇಕಾದ ಪರವಾನಗಿ ಬೇರೆ. ಆ ಎರಡನೆಯದು ಅವನ ಬಳಿ ಇರಲಿಲ್ಲ. ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ. ಆದರೆ ತಾನೇ ಎತ್ತಿ ಹಿಡಿದ ಮಗುವಿಗೆ 'ಪರವಾನಗಿ ತೋರಿಸು' ಎನ್ನುವುದು ಆ ಊರಿನಲ್ಲಿ ಅವನ ಹೆತ್ತವಳ ಕೆನ್ನೆಗೆ ಹೊಡೆದಂತೆ. ಇದು ಆ ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಅಪರಿಚಿತರ ಮನೆಗೆ ಹೋಗುತ್ತಲೇ ಇರಲಿಲ್ಲ.

ಪರ್ಪೆತುವಾ ಕೇಳಲಿಲ್ಲ, ಅಷ್ಟೇ ಅಲ್ಲ. ತಂಗಿಗೂ ಶಿಫಾರಸು ಮಾಡಿದರು.

ತಂಗಿ ಸಾಲ್ವಸಿಯೋನ್ ಹತ್ತೊಂಬತ್ತು ವರ್ಷ ಹಾಂಗ್‌ಕಾಂಗ್‌ನಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸಿ, ಬೇರೆಯವರ ಮುದುಕರಿಗೆ ಸ್ನಾನ ಮಾಡಿಸಿ, ಮೊಣಕಾಲು ಸವೆಸಿಕೊಂಡು ಮನೆಗೆ ಬಂದಿದ್ದಳು. ಕೈಯಲ್ಲಿದ್ದದ್ದು ಒಂಬತ್ತು ಲಕ್ಷ ಪೆಸೊ.

"ನಮ್ಮ ನಿಕ್ ಕಣೇ ಸಾಲ್ವಾ, ನಾನು ಎತ್ತಿಕೊಂಡು ನಿಂತ ಕೂಸು," ಎಂದಿದ್ದರು ಪರ್ಪೆತುವಾ. "ಬ್ಯಾಂಕಲ್ಲಿ ಇಟ್ಕೊಂಡು ಏನ್ ಮಾಡ್ತೀಯ?"

ಮೂರು ತಿಂಗಳು ಬಡ್ಡಿ ಬಂತು. ನಾಲ್ಕನೇ ತಿಂಗಳು ಆಫೀಸಿಗೆ ಬೀಗ ಬಿತ್ತು. ಐವತ್ತೆಂಟನೇ ವಯಸ್ಸಿನಲ್ಲಿ ಸಾಲ್ವಸಿಯೋನ್ ಮತ್ತೆ ಪೆಟ್ಟಿಗೆ ಕಟ್ಟಿದಳು. ವಿಮಾನ ನಿಲ್ದಾಣದಲ್ಲಿ ಅಕ್ಕನ ಕಡೆ ತಿರುಗಿ ಒಂದೇ ಮಾತು ಹೇಳಿದಳು. "ನೀನ್ ಹೇಳ್ದೆ ಅಂತ ಕೊಟ್ಟೆ, ಅಕ್ಕಾ." ಅದೇ ಕೊನೆ. ಆಮೇಲೆ ಎರಡು ವರ್ಷ ಪರ್ಪೆತುವಾ ತಂಗಿಯ ದನಿ ಕೇಳಲಿಲ್ಲ. ಭಾನುವಾರ ಭಾನುವಾರ ಸಂದೇಶ ಕಳಿಸುತ್ತಿದ್ದರು. ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಒಂದು ಚಿತ್ರ ಬರುತ್ತಿತ್ತು. ಕರೆ ಮಾಡಿದರೆ ಆಕೆ ಎತ್ತುತ್ತಿರಲಿಲ್ಲ.

ಪರ್ಪೆತುವಾ ದೂರು ಕೊಟ್ಟರು. ಸರ್ಕಾರದ ಕಚೇರಿ ಎಂಟು ತಿಂಗಳ ನಂತರ ತನ್ನ ಜಾಲತಾಣದಲ್ಲಿ ಎಚ್ಚರಿಕೆಯ ಪ್ರಕಟಣೆ ಹಾಕಿತು: ಈ ಕಂಪನಿಗೆ, ಈ ವ್ಯಕ್ತಿಗೆ ಹಣ ಕೊಡಬೇಡಿ. ಆ ಹೊತ್ತಿಗೆ ಕೊಡಬೇಕಾದವರೆಲ್ಲ ಕೊಟ್ಟಾಗಿತ್ತು. ಮೊಕದ್ದಮೆ ಕುಂಟುತ್ತ ಸಾಗಿತ್ತು. ಮಾಟ ಮಾಡುವವನ ವಿಳಾಸ ಕೊಡುತ್ತೇನೆಂದು ಪಕ್ಕದ ಮನೆಯಾಕೆ ಬಂದಳು.

"ಮಾಟ ಮಾಡ್ಸಿದ್ರೆ ಜ್ವರ ಬರುತ್ತೆ, ಮೂರು ದಿನಕ್ಕೆ ಇಳಿಯುತ್ತೆ," ಎಂದರು ಪರ್ಪೆತುವಾ. "ನನಗೆ ಇಳಿಯೋ ಅಂಥದ್ದು ಬೇಡ."

ಅವರ ಹೊಟ್ಟೆಯಲ್ಲಿ ಬೆಂಕಿ ಇತ್ತು. ಕೈಯಲ್ಲಿ ಇದ್ದದ್ದು ಲೈಬ್ರರಿ ಮಾತ್ರ. ಹಾಗಾಗಿ ಕಾಲೇಜಿನ ಜಾಲತಾಣದಲ್ಲಿ ಒಂದು ಪುಟ ತೆರೆದರು. ತಲೆಬರಹ ನೋಡಿದರೆ ಯಾರಿಗಾದರೂ ಆಕಳಿಕೆ ಬರಬೇಕು: 'ಹೂಡಿಕೆ ಮತ್ತು ಹಣಕಾಸು ಕಲಿಯುವ ವಿದ್ಯಾರ್ಥಿಗಳಿಗೆ ಉಪಯುಕ್ತ ಜಾಲತಾಣಗಳು.' ಷೇರುಪೇಟೆಯವರೇ ಪುಕ್ಕಟೆ ಕಲಿಸುವ ಪಾಠಗಳು, ಕೇಂದ್ರ ಬ್ಯಾಂಕಿನ ಪುಟ್ಟ ಪುಟ್ಟ ವಿಡಿಯೋಗಳು, ಸುಳ್ಳು ದುಡ್ಡಿನಲ್ಲಿ ಷೇರು ಕೊಂಡು ಮಾರಿ ಕೈ ಪಳಗಿಸಿಕೊಳ್ಳುವ ಒಂದು ಆಟ, ಕಂಪನಿಗಳ ವಾರ್ಷಿಕ ವರದಿ ಸಿಗುವ ಜಾಗ. ಪ್ರತಿಯೊಂದನ್ನೂ ತಾವೇ ಕೂತು ಕಲಿತು, ನಾಲ್ಕು ಪ್ರಶ್ನೆ ಕೇಳಿ, ಕೆಳಗೆ ಎರಡು ಸಾಲಿನ ಟಿಪ್ಪಣಿ ಬರೆದರು. ಟಿಪ್ಪಣಿ ಓದಿದವರಿಗೆ ಆಕಳಿಕೆ ಬರುವಂತಿರಲಿಲ್ಲ. ಚಕ್ರಬಡ್ಡಿ ಲೆಕ್ಕ ಹಾಕುವ ತಾಣದ ಕೆಳಗೆ ಹೀಗಿತ್ತು: 'ತಿಂಗಳಿಗೆ ಎಂಟು ಪರ್ಸೆಂಟ್ ಎಂದು ತುಂಬಿ, ಹತ್ತು ವರ್ಷ ಎಂದು ಒತ್ತಿ. ಒಂದು ಪೆಸೊ ಹತ್ತು ಸಾವಿರ ಪೆಸೊ ಆಗುತ್ತದೆ. ಅಂಥ ವಿದ್ಯೆ ಬಲ್ಲವನು ನಿಮ್ಮ ಮನೆಗೆ ಬಂದು ನಿಮ್ಮ ಕಾಫಿ ಕುಡಿಯುತ್ತ ನಿಮ್ಮ ದುಡ್ಡನ್ನೇ ಏಕೆ ಕೇಳುತ್ತಾನೆ?' ಪಟ್ಟಿಯ ತುತ್ತತುದಿಯಲ್ಲಿ ಸರ್ಕಾರದ ಎಚ್ಚರಿಕೆಯ ಪ್ರಕಟಣೆಗಳನ್ನು ಹುಡುಕುವ ತಾಣ. ಕಂಪನಿಯ ಹೆಸರಿನಿಂದಲೂ ಹುಡುಕಬಹುದು, ವ್ಯಕ್ತಿಯ ಹೆಸರಿನಿಂದಲೂ.

ಒಂದು ವರ್ಷದಲ್ಲಿ ಆ ಪುಟವನ್ನು ಜನ ತೆರೆದು ನೋಡಿದ್ದು ನಲವತ್ತೊಂದು ಸಲ. ಅದರಲ್ಲಿ ಮೂವತ್ತು ಸಲ ನೋಡಿದ್ದು ಪರ್ಪೆತುವಾ ಅವರೇ.

ಹೀಗಿರುವಾಗ ಕಾಲೇಜಿನ ಕಾಂಪೌಂಡಿಗೆ ಪೋಸ್ಟರ್ ಬಿತ್ತು. ಹಣಕಾಸು ಸಪ್ತಾಹದ ಮುಖ್ಯ ಅತಿಥಿ 'ಕೋಚ್ ನಿಕ್ ಸೊರೊಂಗೊನ್.' ಕೈಕಟ್ಟಿ ನಿಂತ ಭಂಗಿ, ಬಿಳಿ ಹಲ್ಲು. ಅಪ್ಪನ ಅಡ್ಡಹೆಸರು ಬಿಟ್ಟು ಅಮ್ಮನ ತವರಿನ ಹೆಸರು ಇಟ್ಟುಕೊಂಡು ಗಂಡು ಹೊಸದಾಗಿ ಹುಟ್ಟಿಬಂದಿತ್ತು. ಈಗ ಅಕಾಡೆಮಿಯಂತೆ. ಆನ್‌ಲೈನ್ ಪಾಠವಂತೆ. ಪಾಠಕ್ಕೆ ಸೇರಿದ ವಿದ್ಯಾರ್ಥಿಗಳು ಐದು ಸಾವಿರ ಪೆಸೊ ಹಾಕಿದರೆ 'ಸದಸ್ಯರ ನಿಧಿ'ಯಂತೆ.

ಪರ್ಪೆತುವಾ ನೆಟ್ಟಗೆ ಡೀನ್ ಕೋಣೆಗೆ ಹೋದರು.

"ಇವನನ್ನ ಕರೆಸ್ಬೇಡಿ ಸಾರ್. ನನ್ನ ತಂಗಿಯನ್ನ ನುಣ್ಣಗೆ ಬೋಳಿಸಿದವನು ಇವನೇ."

"ನಿಮ್ಮ ಮನೆ ಜಗಳ ಕಾಲೇಜಿಗೆ ಯಾಕೆ ಮೇಡಂ?" ಡೀನ್ ಕನ್ನಡಕ ಒರೆಸಿಕೊಂಡರು. "ಮುನ್ನೂರು ಟೀ-ಶರ್ಟ್ ಕೊಡ್ತಿದಾರೆ. ಊಟಾನೂ ಅವರದೇ."

"ಹಾಗಾದ್ರೆ ಕಾರ್ಯಕ್ರಮದ ಮೊದಲಲ್ಲಿ ನನಗೆ ಐದು ನಿಮಿಷ ಕೊಡಿ. ಲೈಬ್ರರಿಯಲ್ಲಿ ಏನೇನಿದೆ ಅಂತ ಮಕ್ಕಳಿಗೆ ಹೇಳ್ತೀನಿ."

ಡೀನ್‌ಗೆ ಅಷ್ಟರಲ್ಲೇ ಮುಗಿಯಿತಲ್ಲ ಎಂಬ ನಿರಾಳ. ಒಪ್ಪಿಕೊಂಡರು.

ಶುಕ್ರವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಎಲ್ಲರ ಮೈಮೇಲೂ ಅಕಾಡೆಮಿಯ ಹಳದಿ ಟೀ-ಶರ್ಟ್. ನಿಕಾನೋರ್ ಬಂದವನು ಪರ್ಪೆತುವಾ ಅವರನ್ನು ನೋಡಿ ಒಂದು ಕ್ಷಣ ನಿಂತ. ಆಮೇಲೆ ಮುನ್ನೂರು ಮಂದಿಯ ಎದುರಿಗೇ ನೇರವಾಗಿ ಬಂದು, ಅವರ ಕೈ ಹಿಡಿದು ಹಣೆಗೊತ್ತಿಕೊಂಡ. ವಿದ್ಯಾರ್ಥಿಗಳು 'ಓ' ಎಂದು ಚಪ್ಪಾಳೆ ತಟ್ಟಿದರು. ಎಂಥ ವಿನಯ! ಪರ್ಪೆತುವಾ ಕೈ ಎಳೆದುಕೊಳ್ಳಲಿಲ್ಲ. ಆದರೆ ಹರಸುವ ಮಾತು ಬಾಯಿಂದ ಬರಲಿಲ್ಲ.

"ಬೈಯಲ್ವಾ ನಿನಾಂಗ್?" ಎಂದು ಅವನು ಪಿಸುಗುಟ್ಟಿದ.

"ಇವತ್ತು ನನಗೆ ಐದೇ ನಿಮಿಷ ಇರೋದು ನಿಕ್," ಎಂದರು ಅವರು.

ಪ್ರಾರ್ಥನೆ, ರಾಷ್ಟ್ರಗೀತೆ ಮುಗಿದವು. ಪ್ರೊಜೆಕ್ಟರ್ ಪರ್ಪೆತುವಾ ಅವರ ಪುಟವನ್ನು ಗೋಡೆಯ ಮೇಲೆ ತೋರಿಸುತ್ತಿತ್ತು. ಲೈಬ್ರರಿ ಮೇಡಂ ಮೈಕ್ ಹಿಡಿದ ಕೂಡಲೇ ಅರ್ಧ ಸಭೆ ಫೋನ್ ತೆಗೆಯಿತು. ಅವರಿಗೆ ಬೇಕಾದದ್ದೂ ಅದೇ.

"ಫೋನ್ ಹೊರಗೆ ಬಂತಲ್ಲ, ಒಳ್ಳೇದಾಯ್ತು," ಎಂದರು ಅದೇ ಮಲಗಿಸುವ ರಾಗದಲ್ಲಿ. "ಗೋಡೆ ಮೇಲೆ ಕಾಣ್ತಿರೋ ಪುಟ ತೆಗೀರಿ. ತುದೀಲಿರೋದನ್ನ ಒತ್ತಿ. ಯಾವುದಾದ್ರೂ ಹೆಸರು ಹಾಕಿ ನೋಡೋಣ. ಯಾರದು ಹಾಕೋಣ?"

"ಕೋಚ್‌ದೇ ಹಾಕಿ ಮೇಡಂ!" ಹಿಂದಿನ ಸಾಲಿನ ಒಬ್ಬಳು ಖುಷಿಯಿಂದ ಕೂಗಿದಳು. ಕೋಚ್ ನಗುತ್ತ ಕೈಬೀಸಿದ. ಪರ್ಪೆತುವಾ 'ನಿಕ್ ಸೊರೊಂಗೊನ್' ಎಂದು ಟೈಪ್ ಮಾಡಿದರು. ಯಾವ ದಾಖಲೆಯೂ ಇಲ್ಲ ಎಂದು ಬಂತು.

"ನೋಡಿದ್ರಾ, ಕ್ಲೀನ್!" ಎಂದು ಕೋಚ್ ಎದ್ದು ನಿಂತೇ ಹೇಳಿದ. ಎಲ್ಲರೂ ನಕ್ಕರು.

"ಕೂತ್ಕೋ ಮಗಾ, ಇನ್ನೂ ಎರಡು ನಿಮಿಷ ಇದೆ," ಎಂದರು ಪರ್ಪೆತುವಾ. "ಮಕ್ಕಳೇ, ಪೋಸ್ಟರಿನ ಹೆಸರು ಹಾಕಿ ಹುಡುಕಬಾರದು, ಪೂರ್ತಿ ಹೆಸರು ಹಾಕ್ಬೇಕು. ಇವನ ಪೂರ್ತಿ ಹೆಸರು ನನಗೆ ಗೊತ್ತು. ಪಾದ್ರಿ ಕೇಳಿದಾಗ ಹೇಳಿದವಳೇ ನಾನು."

ಒಂದೊಂದೇ ಅಕ್ಷರ ಒತ್ತುತ್ತ ಗಟ್ಟಿಯಾಗಿ ಹೇಳಿದರು, ಮೂವತ್ತಮೂರು ವರ್ಷದ ಹಿಂದೆ ನೀರಿನ ತೊಟ್ಟಿಯ ಪಕ್ಕ ಹೇಳಿದ ಹಾಗೆಯೇ. "ನಿಕಾನೋರ್. ಎಫ್ರೆನ್. ಸೊರೊಂಗೊನ್. ತಾಬಿಯೋಲೊ."

ಗೋಡೆಯ ಮೇಲೆ ಎಚ್ಚರಿಕೆಯ ಪ್ರಕಟಣೆ ಬಂತು. ಸರ್ಕಾರದ ಮುದ್ರೆ, ಸಿಲಾಕ್ ಗ್ರೋತ್ ಸರ್ಕಲ್‌ನ ಹೆಸರು, ಆ ಪೂರ್ತಿ ಹೆಸರು, ಕೆಳಗೆ ಭಾವಚಿತ್ರ. ಅದೇ ಹಲ್ಲು. ಹೊರಗೆ ಬಂದಿದ್ದ ಫೋನುಗಳಲ್ಲೆಲ್ಲ ಅದೇ ಬಂತು. ಮೂರನೇ ಸಾಲಿನ ಒಬ್ಬ ಎದ್ದು, ಹಳದಿ ಟೀ-ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆದು ಕುರ್ಚಿಯ ಮೇಲೆ ಬಿಸಾಡಿದ. ಒಳಗಿನ ಬನಿಯನ್ ತೂತಾಗಿತ್ತು. ಯಾರೂ ನಗಲಿಲ್ಲ. ಅವನು ಆಗಲೇ ನಿಧಿಗೆ ಐದು ಸಾವಿರ ಹಾಕಿದ್ದ.

"ನನ್ನ ಐದು ನಿಮಿಷ ಮುಗೀತು," ಎಂದು ಪರ್ಪೆತುವಾ ಮೈಕ್ ಕೆಳಗಿಟ್ಟರು.

ನಿಕಾನೋರ್ ಮೊಗಸಾಲೆಯಲ್ಲಿ ಅವರನ್ನು ಅಡ್ಡಗಟ್ಟಿದ. ಇಂಗು ತಿಂದ ಮಂಗನ ಮುಖ. "ನಿನಾಂಗ್, ಆ ಪುಟ ತೆಗೆಸಿ. ಮೂರು ಮಕ್ಕಳಿವೆ ನನಗೆ. ನಾನು ನಿಮ್ಮ ಮಗ ಅಲ್ವಾ?"

"ಪ್ರಕಟಣೆ ಸರ್ಕಾರದ್ದು. ನಾನು ದಾರಿ ತೋರಿಸ್ದೆ ಅಷ್ಟೆ. ಇವತ್ತೇ ಪಕ್ಕದ ಐದು ಕಾಲೇಜಿಗೂ ಕಳಿಸ್ತೀನಿ."

ಬೇರೆ ದಾರಿ ಕಾಣದೆ ಅವನು ಮತ್ತೆ ಬಗ್ಗಿ ಅವರ ಕೈ ಹಿಡಿದು ಹಣೆಗೊತ್ತಿಕೊಂಡ. ಹಣೆ ಬೆವರಿತ್ತು. ಪರ್ಪೆತುವಾ ಈ ಸಲ ಬಾಯಿ ಬಿಟ್ಟರು.

"ದೇವರು ನಿನ್ನ ಮೇಲೆ ಕರುಣೆ ತೋರ್ಲಿ. ನನ್ನ ಕೈಲಿ ಆಗಲ್ಲ."

ಆಮೇಲೆ ಕೈಯನ್ನು ಸೆರಗಿಲ್ಲದ ತಮ್ಮ ಉಡುಪಿಗೆ ಒರೆಸಿಕೊಂಡು ಲೈಬ್ರರಿಗೆ ನಡೆದರು. ಸಭೆಯಲ್ಲಿ ಯಾರೋ ತೆಗೆದ ವಿಡಿಯೋ ಆ ಮಧ್ಯಾಹ್ನವೇ ಊರೆಲ್ಲ ಓಡಾಡಿತು. ಅವರು ಅದನ್ನು ಒಂದೇ ಒಂದು ಕಡೆ ಕಳಿಸಿದರು.

ಭಾನುವಾರ ಬೆಳಿಗ್ಗೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಸಾಲ್ವಸಿಯೋನ್, ಹಾಂಗ್‌ಕಾಂಗ್‌ನ ಮೇಲ್ಸೇತುವೆಯಲ್ಲಿ ರಟ್ಟು ಹಾಸಿಕೊಂಡು ಕೂತಿದ್ದಳು, ಸುತ್ತ ಆಕೆಯ ಹಾಗೆಯೇ ರಜೆಯಲ್ಲಿದ್ದ ಹೆಂಗಸರು. ಕೂದಲು ಪೂರ್ತಿ ಬಿಳಿಯಾಗಿತ್ತು.

"ವಿಡಿಯೋದಲ್ಲಿ ಅವನ ಮುಖ ಸರಿಯಾಗಿ ಕಾಣ್ಸಲ್ಲ ಅಕ್ಕಾ," ಎಂದಳು ಸಾಲ್ವಸಿಯೋನ್. "ಹೇಗಿತ್ತು ಹೇಳು. ಮೊದಲಿಂದ ಹೇಳು, ಒಂದೂ ಬಿಡಬೇಡ."

ಪರ್ಪೆತುವಾ ಹೇಳಿದರು. ತಂಗಿ ಮೂರು ಸಲ ಹೇಳಿಸಿಕೊಂಡಳು. ಮೂರನೇ ಸಲಕ್ಕೆ ಸೇತುವೆಯ ಮೇಲಿದ್ದ ಹೆಂಗಸರೆಲ್ಲ ಫೋನಿನ ಸುತ್ತ ಮುತ್ತಿಕೊಂಡಿದ್ದರು. ಹಿಂದಿನಿಂದ ಯಾರೋ ಒಬ್ಬಳು, ಆ ಪುಟದ ವಿಳಾಸ ಕೊಡಿ ಮೇಡಂ, ನಾನು ಇಗರ್ಜಿಯಲ್ಲಿ ಎತ್ತಿಕೊಂಡು ನಿಂತ ಕೂಸೂ ಒಬ್ಬನಿದ್ದಾನೆ ಎಂದಳು.